ಆ್ಯಪಿಗೂ ಒಂದು ಸ್ವಂತ ಗುರುತು: ಪವರ್ ಬಿಐ ವರದಿಯನ್ನು ನಮ್ಮದೇ ಆ್ಯಪಿನೊಳಗೆ ತೋರಿಸುವುದು ಹೇಗೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸಾಗರದ ಕಡೆಯ ಒಂದು ಅಡಿಕೆ ಸಹಕಾರ ಸಂಘದ ಕಾರ್ಯದರ್ಶಿಗಳ ಫೋನ್. "ಎಂತ ಮಾರಾಯ್ರೆ, ನಿಮ್ಮ ಆ್ಯಪಲ್ಲಿ ಲೆಕ್ಕವೇ ಕಾಣ್ತಿಲ್ಲ. ಬರೀ ಬೆಳ್ಳಗೆ ಬರ್ತಿದೆ. ಜನ ಎಲ್ಲ ಕೌಂಟರ್ ಹತ್ರ ಬಂದು ನಿಂತಿದಾರೆ."

ಶುಕ್ರವಾರ ಸಂಜೆಯವರೆಗೆ ಸರಿಯಾಗಿಯೇ ಇತ್ತು. ಕೋಡ್ ಮುಟ್ಟಿದವರಿಲ್ಲ, ಸರ್ವರ್ ಬಿದ್ದಿರಲಿಲ್ಲ. ಲಾಗ್ ತೆಗೆದು ನೋಡಿದರೆ ಒಂದೇ ಸಾಲು ನೂರಾರು ಸಲ: ಮೈಕ್ರೋಸಾಫ್ಟ್ ಲಾಗಿನ್ನಿನ ದೋಷ ಸಂಖ್ಯೆ ಎಎಡಿಎಸ್‌ಟಿಎಸ್ 50076. ಅಂದರೆ, "ಇವರು ಎರಡನೇ ಗುರುತು ತೋರಿಸಬೇಕು, ಫೋನಿಗೆ ಬಂದ ಒಪ್ಪಿಗೆ ಕೊಡಬೇಕು". ಶನಿವಾರ ಸಂಘದವರು ಎಲ್ಲ ಖಾತೆಗಳಿಗೂ ಎರಡು ಹಂತದ ಪರಿಶೀಲನೆ ಹಾಕಿದ್ದರು. ಅವರು ಮಾಡಿದ್ದು ಸರಿಯೇ. ತಪ್ಪು ನಮ್ಮದು. ಇಡೀ ಆ್ಯಪು ಒಬ್ಬ ಹುಡುಗನ ಹೆಸರಿನ ಖಾತೆ, ಅವನ ಪಾಸ್‌ವರ್ಡ್ ಇಟ್ಟುಕೊಂಡು ಓಡುತ್ತಿತ್ತು. ಮನುಷ್ಯನಾದರೆ ಫೋನ್ ನೋಡಿ ಸರಿ ಎಂದು ಒತ್ತುತ್ತಾನೆ. ಪ್ರೋಗ್ರಾಮಿನ ಕೈಯಲ್ಲಿ ಫೋನ್ ಎಲ್ಲಿಂದ ಬರಬೇಕು?

ಶಿವಮೊಗ್ಗದಲ್ಲಿ ಕೂತು ಇಂಥ ಸಣ್ಣ ಸಂಘಗಳಿಗೆ, ಮಂಡಿಗಳಿಗೆ ಸಾಫ್ಟ್‌ವೇರ್ ಬರೆಯುವ ನನ್ನಂಥವರು ಬಹಳ ಜನ ಇದ್ದೀರಿ. ಆ ಸೋಮವಾರ ನಿಮಗೆ ಬರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪವರ್ ಬಿಐ (ಅಂಕಿಅಂಶಗಳನ್ನು ಚಾರ್ಟು, ಕೋಷ್ಟಕಗಳಾಗಿ ತೋರಿಸುವ ಮೈಕ್ರೋಸಾಫ್ಟಿನ ಸೇವೆ) ವರದಿಯನ್ನು ನಿಮ್ಮ ಆ್ಯಪಿನೊಳಗೆ ಕೂರಿಸುವಾಗ, ಯಾವ ಮನುಷ್ಯನ ಖಾತೆಯೂ ನಡುವೆ ಬಾರದಂತೆ ಆ್ಯಪೇ ತನ್ನ ಹೆಸರಿನಲ್ಲಿ ಲಾಗಿನ್ ಆಗುವಂತೆ ಮಾಡುವುದು ಹೇಗೆ ಎನ್ನುವುದು ಇಲ್ಲಿನ ವಿಷಯ. ಆ್ಯಪಿನ ಈ ಗುರುತಿಗೆ ಸರ್ವಿಸ್ ಪ್ರಿನ್ಸಿಪಲ್ ಎಂದು ಹೆಸರು.

ಮೊದಲು, ನಿಮಗೆ ಬೇಕಿರುವುದು ಇದೇನಾ?

ವರದಿಯನ್ನು ಹೊರಗಿನ ಪುಟದಲ್ಲಿ ತೋರಿಸಲು ಪವರ್ ಬಿಐನಲ್ಲಿ ಮೂರು ದಾರಿಗಳಿವೆ. ಗೊಂದಲ ಶುರುವಾಗುವುದೇ ಇಲ್ಲಿ.

ಒಂದು, "ಪಬ್ಲಿಶ್ ಟು ವೆಬ್". ಒಂದು ಗುಂಡಿ ಒತ್ತಿದರೆ ಲಿಂಕ್ ಸಿಗುತ್ತದೆ, ಅದನ್ನು ಎಲ್ಲಿ ಬೇಕಾದರೂ ಅಂಟಿಸಬಹುದು. ಆದರೆ ಆ ಲಿಂಕ್ ಸಿಕ್ಕ ಯಾರು ಬೇಕಾದರೂ ಲಾಗಿನ್ ಇಲ್ಲದೆ ನೋಡಬಹುದು. ಲಿಂಗನಮಕ್ಕಿಯಲ್ಲಿ 1819 ಅಡಿಗೆ ಇನ್ನೆಷ್ಟು ಬಾಕಿ, ಭದ್ರಾದಲ್ಲಿ 186 ಅಡಿಗೆ ಇನ್ನೆಷ್ಟು ಎಂದು ಊರಿಗೆಲ್ಲ ತೋರಿಸುವುದಾದರೆ ಇದು ಧಾರಾಳ ಸಾಕು. ಸದಸ್ಯರ ಖಾತೆ, ಮುಂಗಡ, ಬಾಕಿ ಇರುವ ವರದಿಯನ್ನು ಹೀಗೆ ಹಾಕಿದರೆ ಲೆಕ್ಕದ ಪುಸ್ತಕವನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿಟ್ಟ ಹಾಗೆ. ಲಿಂಕ್ ಯಾರಿಗೂ ಗೊತ್ತಾಗಲ್ಲ ಬಿಡಿ ಎನ್ನುವವರ ಮಾತು ಕೇಳಬೇಡಿ.

ಎರಡು, ನೋಡುವವರೆಲ್ಲ ನಿಮ್ಮದೇ ಸಂಸ್ಥೆಯ ನೌಕರರು, ಎಲ್ಲರಿಗೂ ಮೈಕ್ರೋಸಾಫ್ಟ್ ಖಾತೆ ಇದೆ, ಅವರವರ ಲಾಗಿನ್ನಿನಲ್ಲೇ ನೋಡುತ್ತಾರೆ ಎನ್ನುವ ಸಂದರ್ಭ. ಆಗ ಈ ಲೇಖನ ನಿಮಗೆ ಬೇಕಿಲ್ಲ.

ಮೂರು ನಮ್ಮದು. ನೋಡುವವರು ಗ್ರಾಹಕರು, ಸದಸ್ಯರು. ಹೊಸನಗರದ ಒಳಗಿನ ಹಳ್ಳಿಯ ಅಡಿಕೆ ಬೆಳೆಗಾರರಿಗೆ ಪವರ್ ಬಿಐ ಖಾತೆ ಮಾಡಿಸಿ ಎನ್ನಲಾಗದು. ಅವರು ಸಂಘದ ಆ್ಯಪಿಗೆ ಮೊಬೈಲ್ ನಂಬರ್ ಕೊಟ್ಟು ಒಳಗೆ ಬರುತ್ತಾರೆ; ಅಡಿಕೆಯಲ್ಲಿ ರಾಶಿ ಬಗೆ ಎಷ್ಟು ಕ್ವಿಂಟಾಲ್ ಹೋಯಿತು, ಬೆಟ್ಟೆ ಎಷ್ಟು, ಗೊರಬಲು ಎಷ್ಟಕ್ಕೆ ಬಿತ್ತು ಎಂದು ನೋಡಿಕೊಂಡು ಹೊರಡುತ್ತಾರೆ. ಅವರ ಗುರುತನ್ನು ನಮ್ಮ ಆ್ಯಪ್ ನೋಡಿಕೊಳ್ಳುತ್ತದೆ, ಪವರ್ ಬಿಐ ಮುಂದೆ ನಿಲ್ಲುವುದು ನಮ್ಮ ಆ್ಯಪ್ ಮಾತ್ರ.

ಈ ಮೂರನೆಯದರಲ್ಲೇ ಮತ್ತೆ ಎರಡು ಕವಲು. ಒಂದು ನಾವು ಮಾಡಿದ್ದ ತಪ್ಪು ದಾರಿ: ಲೈಸೆನ್ಸ್ ಇರುವ ಒಬ್ಬ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೋಡಿಗೆ ಕೊಡುವುದು. ಇದಕ್ಕೆ ಮಾಸ್ಟರ್ ಯೂಸರ್ ಎನ್ನುತ್ತಾರೆ. ಪಾಸ್‌ವರ್ಡ್ ಬದಲಾದರೆ ನಿಂತಿತು, ಆ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ನಿಂತಿತು, ಎರಡು ಹಂತದ ಪರಿಶೀಲನೆ ಬಂದರಂತೂ ಕೇಳುವುದೇ ಬೇಡ. ಇನ್ನೊಂದು ಸರ್ವಿಸ್ ಪ್ರಿನ್ಸಿಪಲ್. ಇದಕ್ಕೆ ಪಾಸ್‌ವರ್ಡ್ ಹಾಕುವ ಮನುಷ್ಯನೂ ಬೇಡ, ಒಬ್ಬೊಬ್ಬ ಬಳಕೆದಾರರಿಗೆ ಕೊಳ್ಳುವ ಪವರ್ ಬಿಐ ಪ್ರೋ ಲೈಸೆನ್ಸೂ ಬೇಡ.

ಮೊದಲ ಗೇಟು: ಎಂಟ್ರಾದಲ್ಲಿ ಆ್ಯಪಿನ ಹೆಸರು ಬರೆಸುವುದು

ಎಂಟ್ರಾ ಐಡಿ ಎಂದರೆ ಬಳಕೆದಾರರ, ಆ್ಯಪುಗಳ ಗುರುತು ನೋಡಿಕೊಳ್ಳುವ ಮೈಕ್ರೋಸಾಫ್ಟಿನ ಸೇವೆ, ಹಳೆಯ ಅಜೂರ್ ಆ್ಯಕ್ಟಿವ್ ಡೈರೆಕ್ಟರಿಯೇ. 2023ರಲ್ಲಿ ಹೆಸರು ಬದಲಾಯಿತು, ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಇರುತ್ತದೆ, ಗಾಬರಿ ಬೇಡ.

ಇಲ್ಲಿ ಟೆನೆಂಟ್ ಎಂಬ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಕಾಗೋಡಿನ ನೆಲದವರಿಗೆ ಟೆನೆಂಟ್ ಎಂದರೆ ಗೇಣಿದಾರನೇ ನೆನಪಾಗುವುದು. ಇಲ್ಲಿಯೂ ಅರ್ಥ ತೀರಾ ದೂರವಿಲ್ಲ: ನೆಲ ಮೈಕ್ರೋಸಾಫ್ಟಿನದು, ಅದರಲ್ಲಿ ನಿಮ್ಮ ಸಂಸ್ಥೆಗೆ ಬೇಲಿ ಹಾಕಿ ಕೊಟ್ಟ ತುಂಡು ನಿಮ್ಮ ಟೆನೆಂಟ್. ಬಳಕೆದಾರರು, ಗುಂಪುಗಳು, ಆ್ಯಪುಗಳು ಎಲ್ಲ ಆ ಬೇಲಿಯೊಳಗೆ. ವರದಿಗಳು ಯಾವ ಟೆನೆಂಟಿನಲ್ಲಿವೆಯೋ ಆ್ಯಪಿನ ಹೆಸರನ್ನೂ ಅಲ್ಲೇ ಬರೆಸಿ. ನಿಮ್ಮ ಕಂಪನಿಯ ಟೆನೆಂಟಿನಲ್ಲಿ ಆ್ಯಪ್, ಗ್ರಾಹಕರ ಟೆನೆಂಟಿನಲ್ಲಿ ವರದಿ ಎಂದು ಮಾಡಿಕೊಂಡರೆ ಮೊದಲ ದಿನವೇ ತಲೆನೋವು.

ಎಂಟ್ರಾ ಪೋರ್ಟಲಿಗೆ ಹೋಗಿ "ಆ್ಯಪ್ ರಿಜಿಸ್ಟ್ರೇಷನ್ಸ್", ಅಲ್ಲಿ "ನ್ಯೂ ರಿಜಿಸ್ಟ್ರೇಷನ್". ಹೆಸರು ನಾಳೆ ಬೇರೆಯವರಿಗೂ ಅರ್ಥವಾಗುವಂತಿರಲಿ; "ಟೆಸ್ಟ್ 1" ಎಂದು ಇಟ್ಟದ್ದು ಐದು ವರ್ಷ ಹಾಗೇ ಉಳಿದ ಉದಾಹರಣೆ ನನ್ನ ಹತ್ತಿರವೇ ಇದೆ. ಖಾತೆಯ ಬಗೆಯಲ್ಲಿ ನಿಮ್ಮ ಒಂದೇ ಟೆನೆಂಟಿಗೆ ಸೀಮಿತವಾದದ್ದನ್ನು ಆರಿಸಿ. ರಿಡೈರೆಕ್ಟ್ ವಿಳಾಸ ಖಾಲಿ ಬಿಡಿ. ಅದು ಮನುಷ್ಯರು ಲಾಗಿನ್ ಪುಟ ಮುಗಿಸಿ ವಾಪಸ್ ಬರುವ ಜಾಗ, ಇಲ್ಲಿ ಮನುಷ್ಯರೇ ಇಲ್ಲ.

ನೋಂದಣಿಯಾದ ಮೇಲೆ ಮೊದಲ ಪುಟದಲ್ಲಿ ಮೂರು ಉದ್ದನೆಯ ಸಂಖ್ಯೆಗಳು ಕಾಣುತ್ತವೆ. ಅದರಲ್ಲಿ ಅಪ್ಲಿಕೇಶನ್ ಐಡಿ, ಡೈರೆಕ್ಟರಿ ಐಡಿ ಇವೆರಡನ್ನು ಬರೆದಿಟ್ಟುಕೊಳ್ಳಿ. ಅಪ್ಲಿಕೇಶನ್ ಐಡಿಗೇ ಕ್ಲೈಂಟ್ ಐಡಿ ಎಂದೂ, ಡೈರೆಕ್ಟರಿ ಐಡಿಗೇ ಟೆನೆಂಟ್ ಐಡಿ ಎಂದೂ ಕರೆಯುತ್ತಾರೆ. ಮೂರನೆಯದು ಆಬ್ಜೆಕ್ಟ್ ಐಡಿ, ಅದನ್ನು ಟೋಕನ್ (ಒಳಗೆ ಬಿಡುವ ತಾತ್ಕಾಲಿಕ ಚೀಟಿ) ಕೇಳುವಾಗ ಬಳಸುವುದಿಲ್ಲ. ಇನ್ನೊಂದು ಒಳಗುಟ್ಟು: ಇದೇ ಆ್ಯಪಿಗೆ "ಎಂಟರ್‌ಪ್ರೈಸ್ ಅಪ್ಲಿಕೇಶನ್ಸ್" ಪುಟದಲ್ಲಿ ಬೇರೆಯದೇ ಆಬ್ಜೆಕ್ಟ್ ಐಡಿ ಇರುತ್ತದೆ. ಮುಂದೆ ಯಾವಾಗಲಾದರೂ ಎಪಿಐ (ಕೋಡಿನಿಂದಲೇ ಪವರ್ ಬಿಐ ಜೊತೆ ಮಾತಾಡುವ ದಾರಿ) ಮೂಲಕ ಆ್ಯಪನ್ನು ವರ್ಕ್‌ಸ್ಪೇಸಿಗೆ, ಅಂದರೆ ಪವರ್ ಬಿಐನಲ್ಲಿ ವರದಿಗಳನ್ನು ಇಡುವ ಜಾಗಕ್ಕೆ, ಸೇರಿಸುವುದಾದರೆ ಆ ಎರಡನೆಯದು ಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕಳೆದವನು ನಾನು.

ಆಮೇಲೆ "ಸರ್ಟಿಫಿಕೇಟ್ಸ್ ಆ್ಯಂಡ್ ಸೀಕ್ರೆಟ್ಸ್". ಹೊಸ ಕ್ಲೈಂಟ್ ಸೀಕ್ರೆಟ್ (ಆ್ಯಪಿನ ಪಾಸ್‌ವರ್ಡ್ ಇದ್ದಂತೆ) ಮಾಡಿ. ಪೋರ್ಟಲಿನಲ್ಲಿ ಇದರ ಆಯುಷ್ಯ ಹೆಚ್ಚೆಂದರೆ 24 ತಿಂಗಳು. ಉಳಿಸಿದ ಕೂಡಲೇ ಒಂದು ಸಾಲು ಬರುತ್ತದೆ. ಅದರಲ್ಲಿ "ವ್ಯಾಲ್ಯೂ" ಎಂದೊಂದು, "ಸೀಕ್ರೆಟ್ ಐಡಿ" ಎಂದೊಂದು. ಬೇಕಾದದ್ದು ವ್ಯಾಲ್ಯೂ. ಅದು ಪೂರ್ತಿಯಾಗಿ ಕಾಣುವುದು ಆಗ ಮಾತ್ರ. ಪುಟ ಬಿಟ್ಟು ಬಂದಿರೋ, ಮುಂದೆ ಬರೀ ನಕ್ಷತ್ರ. ಹೊಸದು ಮಾಡುವುದೇ ಗತಿ. ಅವಸರದಲ್ಲಿ ಸೀಕ್ರೆಟ್ ಐಡಿಯನ್ನು ನಕಲು ಮಾಡಿಕೊಂಡವರಿಗೆ ಮುಂದೆ ಎಎಡಿಎಸ್‌ಟಿಎಸ್ 7000215 ಎಂಬ ದೋಷ ಕಾದಿರುತ್ತದೆ.

ಈ ಗುಟ್ಟನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ಗಿಟ್‌ನಲ್ಲಿ ಸೇರಿಸಬೇಡಿ. ಸರ್ವರಿನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿಡುವುದು ಕನಿಷ್ಠ ಮರ್ಯಾದೆ. ಅಜೂರ್ ಕೀ ವಾಲ್ಟ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಸೀಕ್ರೆಟ್ ಬದಲು ಸರ್ಟಿಫಿಕೇಟ್ ಬಳಸುವುದು ಹೆಚ್ಚು ಭದ್ರ. ದೊಡ್ಡ ವ್ಯವಸ್ಥೆಯಾದರೆ ಅದನ್ನೇ ಮಾಡಿ. ಇಬ್ಬರು ಮೂವರು ಇರುವ ಕಚೇರಿಯಲ್ಲಿ ಸೀಕ್ರೆಟ್ಟನ್ನೇ ಸರಿಯಾಗಿ ಕಾಪಾಡಿಕೊಳ್ಳುವುದನ್ನು ಮೊದಲು ಕಲಿಯೋಣ ಎನ್ನುವವನು ನಾನು.

ಒಂದು ಕೆಲಸ ಮಾಡಬೇಡಿ. ಅಲ್ಲೇ ಪಕ್ಕದಲ್ಲಿ "ಎಪಿಐ ಪರ್ಮಿಷನ್ಸ್" ಎಂಬ ಪುಟ ಕರೆಯುತ್ತಿರುತ್ತದೆ. ಪವರ್ ಬಿಐ ಆರಿಸಿ, ಇದ್ದಬದ್ದ ಅನುಮತಿಗೆಲ್ಲ ಟಿಕ್ ಹಾಕಿ, ಅಡ್ಮಿನ್ ಒಪ್ಪಿಗೆಗೆ ಓಡಾಡುವವರನ್ನು ಕಂಡಿದ್ದೇನೆ. ಸರ್ವಿಸ್ ಪ್ರಿನ್ಸಿಪಲ್ ಬಳಸಿ ವರದಿ ಎಂಬೆಡ್ ಮಾಡಲು, ಅಂದರೆ ಆ್ಯಪಿನೊಳಗೆ ಕೂರಿಸಲು, ಅಲ್ಲಿ ಒಂದೂ ಬೇಕಿಲ್ಲ. ಇದರ ಅನುಮತಿಗಳೆಲ್ಲ ಪವರ್ ಬಿಐ ಒಳಗೇ ನಿರ್ಧಾರವಾಗುತ್ತವೆ.

ಎರಡನೇ ಗೇಟು: ಪವರ್ ಬಿಐ ಅಡ್ಮಿನ್

ಎಂಟ್ರಾದಲ್ಲಿ ಹೆಸರು ಇದ್ದ ಮಾತ್ರಕ್ಕೆ ಪವರ್ ಬಿಐ ಬಾಗಿಲು ತೆಗೆಯುವುದಿಲ್ಲ. ಇದು ಜನ ಹೆಚ್ಚು ಎಡವುವ ಜಾಗ.

ಮೊದಲು ಎಂಟ್ರಾದಲ್ಲೇ ಒಂದು ಗುಂಪು ಮಾಡಿ. ಬಗೆ "ಸೆಕ್ಯುರಿಟಿ" ಆಗಿರಲಿ. ಆ ಗುಂಪಿನ ಸದಸ್ಯರಲ್ಲಿ ನಿಮ್ಮ ಆ್ಯಪಿನ ಹೆಸರು ಹುಡುಕಿ ಸೇರಿಸಿ. ಆ್ಯಪನ್ನೂ ಮನುಷ್ಯರಂತೆ ಗುಂಪಿಗೆ ಸೇರಿಸಬಹುದು ಎಂಬುದು ಮೊದಲ ಸಲ ವಿಚಿತ್ರ ಎನ್ನಿಸುತ್ತದೆ.

ನಂತರ ಪವರ್ ಬಿಐ ಪೋರ್ಟಲಿನ ಮೇಲ್ಗಡೆ ಇರುವ ಗಾಲಿಯ ಗುರುತು, ಅಲ್ಲಿ "ಅಡ್ಮಿನ್ ಪೋರ್ಟಲ್", ಅಲ್ಲಿ "ಟೆನೆಂಟ್ ಸೆಟ್ಟಿಂಗ್ಸ್". ಕೆಳಗೆ ಇಳಿಯುತ್ತ ಹೋದರೆ "ಡೆವಲಪರ್ ಸೆಟ್ಟಿಂಗ್ಸ್" ಎಂಬ ಭಾಗ. ಸರ್ವಿಸ್ ಪ್ರಿನ್ಸಿಪಲ್‌ಗಳು ಎಪಿಐ ಬಳಸಬಹುದು ಎಂಬ ಸೆಟ್ಟಿಂಗ್ ಅಲ್ಲಿದೆ. ಇದರ ಹೆಸರು ಮೊದಲು ಪವರ್ ಬಿಐ ಎಪಿಐ ಎಂದಿತ್ತು, ಈಗ ಫ್ಯಾಬ್ರಿಕ್ ಎಪಿಐ ಎಂದಿದೆ (ಫ್ಯಾಬ್ರಿಕ್ ಎಂದರೆ ಪವರ್ ಬಿಐಯನ್ನೂ ಒಳಗೊಂಡ ಮೈಕ್ರೋಸಾಫ್ಟಿನ ದೊಡ್ಡ ವೇದಿಕೆ). "ಸರ್ವಿಸ್ ಪ್ರಿನ್ಸಿಪಲ್" ಎಂಬ ಪದ ಹಿಡಿದು ಹುಡುಕಿದರೆ ಸಿಗುತ್ತದೆ. ಅದನ್ನು ಆನ್ ಮಾಡಿ. ಆದರೆ ಇಡೀ ಸಂಸ್ಥೆಗೆ ಬೇಡ, ಈಗಷ್ಟೇ ಮಾಡಿದ ಗುಂಪಿಗೆ ಮಾತ್ರ. ಅದೇ ಭಾಗದಲ್ಲಿ "ಎಂಬೆಡ್ ಕಂಟೆಂಟ್ ಇನ್ ಆ್ಯಪ್ಸ್" ಎಂಬುದೂ ಆನ್ ಇದೆಯೇ ನೋಡಿಕೊಳ್ಳಿ.

ಈ ಪುಟ ಎಲ್ಲರಿಗೂ ಕಾಣುವುದಿಲ್ಲ, ಫ್ಯಾಬ್ರಿಕ್ ಅಡ್ಮಿನಿಸ್ಟ್ರೇಟರ್ ಆಗಿದ್ದವರಿಗೆ ಮಾತ್ರ. ನಮ್ಮ ಕಡೆಯ ಸಣ್ಣ ಸಂಸ್ಥೆಗಳಲ್ಲಿ ಅಡ್ಮಿನ್ ಯಾರು ಎಂದು ಕೇಳಿದರೆ ಉತ್ತರವೇ ಸಿಗುವುದಿಲ್ಲ. ಎಂದೋ ಇಮೇಲ್ ಮಾಡಿಕೊಟ್ಟ ಬೆಂಗಳೂರಿನ ಯಾರೋ ಒಬ್ಬರ ಹತ್ತಿರ ಆ ಪಾಸ್‌ವರ್ಡ್ ಇರುತ್ತದೆ, ಅವರು ಫೋನ್ ಎತ್ತುವುದಿಲ್ಲ. ಅದಕ್ಕೇ ಹೇಳುವುದು: ಕೋಡ್ ಬರೆಯುವ ಮೊದಲೇ ಅಡ್ಮಿನ್ ಯಾರೆಂದು ಪತ್ತೆ ಹಚ್ಚಿ. ನಮಗೆ ಕೋಡಿಗೆ ಹಿಡಿದದ್ದು ಎರಡು ದಿನ, ಅಡ್ಮಿನ್ ಸಿಗುವುದಕ್ಕೆ ಹನ್ನೊಂದು ದಿನ.

ಸೆಟ್ಟಿಂಗ್ ಬದಲಿಸಿ ಮರುಕ್ಷಣವೇ ಪರೀಕ್ಷೆ ಮಾಡಿ ಬೈದುಕೊಳ್ಳಬೇಡಿ. ಜಾರಿಗೆ ಬರಲು ಹದಿನೈದು ನಿಮಿಷದವರೆಗೂ ಹಿಡಿಯಬಹುದು. ಒಂದು ಕಾಫಿ ಕುಡಿದು ಬನ್ನಿ.

ಮೂರನೇ ಗೇಟು: ವರ್ಕ್‌ಸ್ಪೇಸ್

ವರದಿ ಇರುವ ವರ್ಕ್‌ಸ್ಪೇಸ್ ತೆರೆದು "ಮ್ಯಾನೇಜ್ ಆ್ಯಕ್ಸೆಸ್" ಒತ್ತಿ, ಆ್ಯಪಿನ ಹೆಸರು ಹಾಕಿ, ಮೆಂಬರ್ ಆಗಿ ಸೇರಿಸಿ. ಇಷ್ಟೇ. ವರದಿ "ಮೈ ವರ್ಕ್‌ಸ್ಪೇಸ್"ನಲ್ಲಿದ್ದರೆ ಮಾತ್ರ ಆಗುವುದಿಲ್ಲ, ಅದು ಸ್ವಂತ ಜೇಬಿನಂತೆ, ಇನ್ನೊಬ್ಬರ ಕೈ ಹೋಗದು. ಬೇರೆ ವರ್ಕ್‌ಸ್ಪೇಸ್ ಮಾಡಿ ಅಲ್ಲಿಗೆ ಹಾಕಿ.

ವರದಿಯನ್ನು ಬ್ರೌಸರಿನಲ್ಲಿ ತೆರೆದಾಗ ಮೇಲಿನ ವಿಳಾಸದಲ್ಲಿ "ಗ್ರೂಪ್ಸ್" ಎಂಬುದರ ಮುಂದೆ ಇರುವುದು ವರ್ಕ್‌ಸ್ಪೇಸ್ ಐಡಿ, "ರಿಪೋರ್ಟ್ಸ್" ಎಂಬುದರ ಮುಂದೆ ಇರುವುದು ರಿಪೋರ್ಟ್ ಐಡಿ. ಎರಡನ್ನೂ ಬರೆದುಕೊಳ್ಳಿ.

ಈಗ ದುಡ್ಡಿನ ಮಾತು. ಅಭಿವೃದ್ಧಿ ಹಂತದಲ್ಲಿ ಒಂದು ಪ್ರೋ ಲೈಸೆನ್ಸಿನ ಮೇಲೆ ಮಾಡಿದ ವರ್ಕ್‌ಸ್ಪೇಸಿನಿಂದಲೇ ಪರೀಕ್ಷೆಗೆ ಸಾಕಾಗುವಷ್ಟು ಎಂಬೆಡ್ ಟೋಕನ್ ಸಿಗುತ್ತದೆ. ವರದಿಯ ಮೇಲೆ ಉಚಿತ ಪ್ರಯೋಗ ಎಂಬ ಪಟ್ಟಿ ಕಾಣುತ್ತದೆ, ಮತ್ತು ಟೋಕನ್ನುಗಳಿಗೆ ಮಿತಿ ಇದೆ. ಸದಸ್ಯರಿಗೆ ಬಿಡುಗಡೆ ಮಾಡುವಾಗ ವರ್ಕ್‌ಸ್ಪೇಸನ್ನು ಕೆಪಾಸಿಟಿಗೆ, ಅಂದರೆ ಬಾಡಿಗೆಗೆ ಪಡೆದ ಗಣಕ ಬಲಕ್ಕೆ, ಜೋಡಿಸಲೇಬೇಕು. ಫ್ಯಾಬ್ರಿಕ್‌ನ ಎಫ್ ಸರಣಿಯಲ್ಲಿ ಚಿಕ್ಕದು ಎಫ್2. ನಮ್ಮ ಈ ದಾರಿಗೆ ಅದೂ ನಡೆಯುತ್ತದೆ. ಎಫ್64 ಬೇಕೇ ಬೇಕು ಎಂದು ಹೆದರಿಸುವವರಿದ್ದಾರೆ. ಅದು ಸಂಸ್ಥೆಯ ಒಳಗಿನವರು ಪ್ರೋ ಲೈಸೆನ್ಸ್ ಇಲ್ಲದೆ ಪವರ್ ಬಿಐ ಪೋರ್ಟಲಿನಲ್ಲೇ ನೋಡುವುದಕ್ಕೆ ಸಂಬಂಧಪಟ್ಟ ಮಾತು. ಎಫ್ ಮತ್ತು (ಪವರ್ ಬಿಐ ಎಂಬೆಡೆಡ್‌ನ) ಎ ಸರಣಿಯ ಕೆಪಾಸಿಟಿಯನ್ನು ನಿಲ್ಲಿಸಿ ಮತ್ತೆ ಶುರು ಮಾಡಬಹುದು, ನಿಲ್ಲಿಸಿದ ಹೊತ್ತಿಗೆ ಬಾಡಿಗೆ ಓಡುವುದಿಲ್ಲ. ರಾತ್ರಿ ಹತ್ತರ ಮೇಲೆ ಯಾವ ಬೆಳೆಗಾರರೂ ದರ ನೋಡುವುದಿಲ್ಲ ಎಂದುಕೊಂಡು ನಾವು ನಿಲ್ಲಿಸುವ ವ್ಯವಸ್ಥೆ ಮಾಡಿದೆವು. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಆ ಲೆಕ್ಕ ತಪ್ಪಾಯಿತು. ಹಗಲೆಲ್ಲ ತೋಟದಲ್ಲಿದ್ದು, ರಾತ್ರಿ ಸುಲಿಯುವವರ ಜೊತೆ ಕೂತವರು ಹನ್ನೊಂದು ಗಂಟೆಗೂ ಆ್ಯಪ್ ತೆರೆಯುತ್ತಾರೆ.

ಎರಡು ಟೋಕನ್ನುಗಳ ಕಥೆ

ಇಲ್ಲಿಂದ ಮುಂದೆ ಕೋಡ್. ಯಾವ ಭಾಷೆಯಾದರೂ ಆಗಲಿ, ನಡೆಯುವುದು ಇಷ್ಟೇ: ಸರ್ವರ್ ಮೊದಲು ಒಂದು ದೊಡ್ಡ ಟೋಕನ್ ತರುತ್ತದೆ, ಅದನ್ನು ತೋರಿಸಿ ಒಂದು ಸಣ್ಣ ಟೋಕನ್ ಪಡೆಯುತ್ತದೆ, ಸಣ್ಣದನ್ನು ಮಾತ್ರ ಬ್ರೌಸರಿಗೆ ಕೊಡುತ್ತದೆ. ದೊಡ್ಡದು ಗೋದಾಮಿನ ಬೀಗದ ಕೈ. ಸಣ್ಣದು ಒಬ್ಬ ರೈತರ ಒಂದು ಲಾಟಿಗೆ ಬರೆದುಕೊಟ್ಟ ಚೀಟಿ. ಬೀಗದ ಕೈಯನ್ನು ಯಾರೂ ಕೌಂಟರಿನಿಂದ ಹೊರಗೆ ಕೊಡುವುದಿಲ್ಲ.

ದೊಡ್ಡದರ ಹೆಸರು ಆ್ಯಕ್ಸೆಸ್ ಟೋಕನ್. ಲಾಗಿನ್ ಡಾಟ್ ಮೈಕ್ರೋಸಾಫ್ಟ್‌ಆನ್‌ಲೈನ್ ಡಾಟ್ ಕಾಮ್ ವಿಳಾಸದಲ್ಲಿ, ನಿಮ್ಮ ಟೆನೆಂಟ್ ಐಡಿಯ ಕೆಳಗೆ, ಓಆತ್2 ಎರಡನೇ ಆವೃತ್ತಿಯ ಟೋಕನ್ ಬಾಗಿಲಿಗೆ ಪೋಸ್ಟ್ ಮನವಿ ಕಳಿಸಬೇಕು. ಜೊತೆಗೆ ನಾಲ್ಕು ವಿಷಯ: ಗ್ರ್ಯಾಂಟ್ ಟೈಪ್ ಎಂಬಲ್ಲಿ ಕ್ಲೈಂಟ್ ಕ್ರೆಡೆನ್ಷಿಯಲ್ಸ್, ನಿಮ್ಮ ಕ್ಲೈಂಟ್ ಐಡಿ, ಸೀಕ್ರೆಟ್‌ನ ವ್ಯಾಲ್ಯೂ, ಮತ್ತು ಸ್ಕೋಪ್. ಸ್ಕೋಪ್ ಎಂದರೆ ಯಾವ ಸೇವೆಗೆ ಈ ಟೋಕನ್ ಎಂಬುದು. ಪವರ್ ಬಿಐಗೆ ಅದು ಅನಾಲಿಸಿಸ್ ಡಾಟ್ ವಿಂಡೋಸ್ ಡಾಟ್ ನೆಟ್ ವಿಳಾಸ, ಓರೆಗೆರೆ, ಪವರ್‌ಬಿಐ, ಓರೆಗೆರೆ, ಎಪಿಐ, ಓರೆಗೆರೆ, ಕೊನೆಯಲ್ಲಿ ಒಂದು ಚುಕ್ಕೆ ಹಾಕಿ ಡಿಫಾಲ್ಟ್. ಆ ಚುಕ್ಕೆ ಬಿಟ್ಟವರು ಬಹಳ ಮಂದಿ. ನೇರ ಮನವಿ ಕಳಿಸುವ ಬದಲು ಮೈಕ್ರೋಸಾಫ್ಟಿನ ಎಂಎಸ್‌ಎಎಲ್ ಲೈಬ್ರರಿ ಬಳಸಿದರೆ ಟೋಕನ್ ನೆನಪಿಟ್ಟುಕೊಳ್ಳುವ ಕೆಲಸವನ್ನೂ ಅದೇ ಮಾಡುತ್ತದೆ. ನಾನು ಅದನ್ನೇ ಬಳಸುತ್ತೇನೆ. ಈ ಟೋಕನ್ ಸುಮಾರು ಒಂದು ಗಂಟೆ ಬಾಳುತ್ತದೆ, ಪ್ರತಿ ಸದಸ್ಯರಿಗೂ ಹೊಸದು ತರಲು ಹೋಗಬೇಡಿ.

ಇದನ್ನು ಹಿಡಿದುಕೊಂಡು ಪವರ್ ಬಿಐ ಎಪಿಐಗೆ ಹೋಗಿ, ಆ ವರ್ಕ್‌ಸ್ಪೇಸಿನ ಆ ರಿಪೋರ್ಟಿನ ವಿವರ ಕೇಳಿ. ಉತ್ತರದಲ್ಲಿ ಎಂಬೆಡ್ ಯುಆರ್‌ಎಲ್ ಮತ್ತು ಡೇಟಾಸೆಟ್ (ವರದಿಯ ಹಿಂದಿರುವ ದತ್ತಾಂಶ) ಐಡಿ ಇರುತ್ತವೆ. ಪೋರ್ಟಲಿನಲ್ಲಿ ಈಗ ಡೇಟಾಸೆಟ್ ಎಂಬ ಪದವೇ ಇಲ್ಲ, ಸೆಮ್ಯಾಂಟಿಕ್ ಮಾಡೆಲ್ ಎನ್ನುತ್ತಾರೆ. ಎಪಿಐನಲ್ಲಿ ಹಳೆಯ ಹೆಸರೇ ಉಳಿದಿದೆ.

ಆಮೇಲೆ "ಜನರೇಟ್ ಟೋಕನ್" ಕರೆ. ಯಾವ ರಿಪೋರ್ಟ್, ಯಾವ ಡೇಟಾಸೆಟ್ ಎಂದು ಹೇಳಿ ಕೇಳಿದರೆ ಎಂಬೆಡ್ ಟೋಕನ್ ಬರುತ್ತದೆ, ಯಾವಾಗ ಮುಗಿಯುತ್ತದೆ ಎಂಬ ಸಮಯವೂ ಬರುತ್ತದೆ. ಆ ಸಮಯ ಜಾಗತಿಕ ಗಡಿಯಾರದ್ದು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ ಎಂಬುದನ್ನು ಮರೆತರೆ ಟೋಕನ್ ಹುಟ್ಟುವ ಮೊದಲೇ ಸತ್ತಿದೆ ಎಂದು ನಿಮ್ಮ ಕೋಡ್ ತೀರ್ಮಾನಿಸುತ್ತದೆ.

ಬ್ರೌಸರಿನಲ್ಲಿ ಮಾಡಬೇಕಾದದ್ದು ಅಲ್ಪ. ಪವರ್ ಬಿಐನ ಜಾವಾಸ್ಕ್ರಿಪ್ಟ್ ಲೈಬ್ರರಿ ಸೇರಿಸಿ, ಒಂದು ಖಾಲಿ ಜಾಗ ತೋರಿಸಿ, ರಿಪೋರ್ಟ್ ಐಡಿ, ಎಂಬೆಡ್ ಯುಆರ್‌ಎಲ್, ಎಂಬೆಡ್ ಟೋಕನ್ ಮೂರನ್ನೂ ಕೊಟ್ಟು ಎಂಬೆಡ್ ಎಂದರಾಯಿತು. ಟೋಕನ್ ಬಗೆ "ಎಂಬೆಡ್" ಎಂದೇ ಇರಬೇಕು. "ಎಎಡಿ" ಎಂದಿಟ್ಟರೆ ಅದು ಮೇಲೆ ಹೇಳಿದ ಎರಡನೇ ದಾರಿ. ಮಾದರಿ ಕೋಡನ್ನು ನಕಲು ಮಾಡುವಾಗ ಇದೊಂದನ್ನು ಕಣ್ಣಿಟ್ಟು ನೋಡಿ.

ಅವರವರ ಲೆಕ್ಕ ಅವರವರಿಗೆ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇದು, ತಪ್ಪಾದರೆ ಮರ್ಯಾದೆ ಹೋಗುವುದೂ ಇಲ್ಲೇ. ವರದಿ ಒಂದೇ, ಸದಸ್ಯರು ಸಾವಿರಾರು. ಪಕ್ಕದ ಮನೆಯವರಿಗೆ ಎಷ್ಟು ಮುಂಗಡ ಕೊಟ್ಟಿದ್ದಾರೆ ಎಂಬುದು ಇವರಿಗೆ ಕಾಣಬಾರದು.

ಪವರ್ ಬಿಐ ಡೆಸ್ಕ್‌ಟಾಪಿನಲ್ಲಿ "ಮ್ಯಾನೇಜ್ ರೋಲ್ಸ್" ಒಳಗೆ ಒಂದು ರೋಲ್ ಮಾಡಿ, "ಸದಸ್ಯ" ಎನ್ನೋಣ. ಸದಸ್ಯರ ಪಟ್ಟಿಯ ಕೋಷ್ಟಕದ ಮೇಲೆ ಒಂದು ಷರತ್ತು: ಸದಸ್ಯ ಸಂಖ್ಯೆಯ ಕಾಲಂ, ಯೂಸರ್‌ನೇಮ್ ಎಂಬ ಡ್ಯಾಕ್ಸ್ (ಪವರ್ ಬಿಐನ ಸೂತ್ರಗಳ ಭಾಷೆ) ಫಂಕ್ಷನ್ನಿಗೆ ಸಮ ಇರಬೇಕು. ವರದಿಯನ್ನು ಮತ್ತೆ ಪ್ರಕಟಿಸಿ. ಈಗ ಎಂಬೆಡ್ ಟೋಕನ್ ಕೇಳುವಾಗ ಜೊತೆಗೆ ಒಂದು ಗುರುತು ಕಳಿಸಬೇಕು: ಯೂಸರ್‌ನೇಮ್ ಎಂಬಲ್ಲಿ ಈ ಸದಸ್ಯರ ಸಂಖ್ಯೆ, ರೋಲ್ಸ್ ಎಂಬಲ್ಲಿ "ಸದಸ್ಯ", ಡೇಟಾಸೆಟ್ಸ್ ಎಂಬಲ್ಲಿ ಡೇಟಾಸೆಟ್ ಐಡಿ. ಯೂಸರ್‌ನೇಮ್ ಎಂದ ಮಾತ್ರಕ್ಕೆ ಇಮೇಲೇ ಆಗಬೇಕಿಲ್ಲ, ನೀವು ಕಳಿಸಿದ ಪಠ್ಯವನ್ನೇ ಆ ಫಂಕ್ಷನ್ ಹಿಂತಿರುಗಿಸುತ್ತದೆ. ರೋಲ್ ಇರುವ ಡೇಟಾಸೆಟ್ಟಿಗೆ ಗುರುತು ಕಳಿಸದೆ ಟೋಕನ್ ಕೇಳಿದರೆ ಪವರ್ ಬಿಐ ಕೊಡುವುದೇ ಇಲ್ಲ. ಇದು ಒಳ್ಳೆಯ ಸ್ವಭಾವ.

ನಾವು ಇಲ್ಲಿ ಎರಡು ಸಲ ಮುಗ್ಗರಿಸಿದೆವು. ಮೊದಲನೆಯದು: ಸದಸ್ಯ ಸಂಖ್ಯೆಯ ಕಾಲಂ ಅಂಕಿಯ ಬಗೆಯದಾಗಿತ್ತು, ಯೂಸರ್‌ನೇಮ್ ಕೊಡುವುದು ಪಠ್ಯ. ಅಂಕಿಯನ್ನೂ ಪಠ್ಯವನ್ನೂ ಡ್ಯಾಕ್ಸ್ ಹೋಲಿಸುವುದಿಲ್ಲ, ದೋಷ ಕೊಡುತ್ತದೆ. ಕಾಲಂ ಅನ್ನು ಪಠ್ಯಕ್ಕೆ ಬದಲಿಸಿದೆವು. ದೋಷ ಹೋಯಿತು, ಆದರೆ ಕೆಲವು ಹಳೆಯ ಸದಸ್ಯರಿಗೆ ವರದಿ ಪೂರಾ ಖಾಲಿ. ಹುಡುಕಿದರೆ, ಸಂಘದ ಹಳೆಯ ಲೆಡ್ಜರಿನಿಂದ ಬಂದ ಸಂಖ್ಯೆಗಳು 0417 ಎಂದಿದ್ದವು. ಒಮ್ಮೆ ಅಂಕಿಯಾಗಿ ಹೋಗಿ ಬಂದದ್ದರಿಂದ ಮಾಡೆಲಿನಲ್ಲಿ 417 ಆಗಿದ್ದವು. ಆ್ಯಪಿನಲ್ಲಿ 0417 ಎಂದೇ ಇತ್ತು. ಮೊದಲ ಕೊಂಡಿಯಲ್ಲೇ, ಅಂದರೆ ದತ್ತಾಂಶ ತರುವ ಜಾಗದಲ್ಲೇ, ಅದನ್ನು ಪಠ್ಯ ಎಂದು ಓದಿಸಿದ ಮೇಲೆ ಸರಿಹೋಯಿತು.

ಇನ್ನೊಂದು ಎಚ್ಚರಿಕೆ. ಸದಸ್ಯ ಸಂಖ್ಯೆಯನ್ನು ಬ್ರೌಸರ್ ಕಳಿಸಿದ ವಿಳಾಸದಿಂದಲೋ ಫಾರಂನಿಂದಲೋ ತೆಗೆದುಕೊಂಡು ಟೋಕನ್ ಕೇಳಬೇಡಿ. 417ರ ಜಾಗದಲ್ಲಿ 418 ಎಂದು ತಿದ್ದಲು ಇಂಜಿನಿಯರಿಂಗ್ ಓದಬೇಕಿಲ್ಲ, ಆ ಮನೆಯ ಹೈಸ್ಕೂಲ್ ಹುಡುಗ ಸಾಕು. ಲಾಗಿನ್ ಆದಾಗ ಸರ್ವರ್ ತನ್ನ ಸೆಷನ್ನಿನಲ್ಲಿ ಇಟ್ಟುಕೊಂಡ ಸಂಖ್ಯೆಯನ್ನು ಮಾತ್ರ ನಂಬಿ. ಬಿಡುಗಡೆಗೆ ಮುಂಚೆ ಮೂರು ಪರೀಕ್ಷೆ ಮಾಡಿ: ಒಬ್ಬ ಸದಸ್ಯರಾಗಿ, ಇನ್ನೊಬ್ಬ ಸದಸ್ಯರಾಗಿ, ಮತ್ತು ಇಲ್ಲದ ಒಂದು ಸಂಖ್ಯೆ ಕೊಟ್ಟು. ಮೂರನೆಯದಕ್ಕೆ ಬರೀ ಖಾಲಿ ವರದಿ ಬರಬೇಕು. ಅಲ್ಲಿ ಒಂದು ಅಂಕಿ ಕಂಡರೂ ಬಿಡುಗಡೆ ನಿಲ್ಲಿಸಿ.

ದಿಬ್ಬದ ಮೇಲಿನ ಸಿಗ್ನಲ್

ನಮ್ಮ ಮಲೆನಾಡಿನಲ್ಲಿ ಎಂಬೆಡ್ ಟೋಕನ್ನಿನ ಒಂದು ಗಂಟೆ ಬೇರೆಯೇ ರೀತಿ ಕಾಡುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಮನೆ ಹಿಂದಿನ ದಿಬ್ಬ ಹತ್ತಿದರೆ ಎರಡು ಕಡ್ಡಿ ಸಿಗುತ್ತದೆ. ಅಲ್ಲಿ ವರದಿ ತೆರೆದು, ಫೋನ್ ಜೇಬಿಗಿಟ್ಟು ತೋಟಕ್ಕಿಳಿದು, ಮಧ್ಯಾಹ್ನ ಮತ್ತೆ ದಿಬ್ಬ ಹತ್ತಿ ಅದೇ ಪುಟ ನೋಡುತ್ತಾರೆ. ಅಷ್ಟರಲ್ಲಿ ಟೋಕನ್ ಮುಗಿದಿರುತ್ತದೆ. ಯಾವ ಫಿಲ್ಟರ್ ಒತ್ತಿದರೂ ದೋಷ.

ಮುಗಿಯುವ ಐದು ನಿಮಿಷ ಮೊದಲು ಹೊಸ ಟೋಕನ್ ತರುವ ಟೈಮರ್ ಹಾಕಿ, ಬಂದದ್ದನ್ನು "ಸೆಟ್ ಆ್ಯಕ್ಸೆಸ್ ಟೋಕನ್" ಮೂಲಕ ಕೊಟ್ಟರೆ ಪುಟ ಮತ್ತೆ ಲೋಡ್ ಆಗದೆಯೇ ವರದಿ ಮುಂದುವರಿಯುತ್ತದೆ. ಆದರೆ ಅದೊಂದೇ ಸಾಲದು. ಪರದೆ ಆರಿದಾಗ ಬ್ರೌಸರ್ ಟೈಮರುಗಳನ್ನು ಮಲಗಿಸಿಬಿಡುತ್ತದೆ. ಹಾಗಾಗಿ ಪುಟ ಮತ್ತೆ ಕಣ್ಣಿಗೆ ಬಿದ್ದ ಕ್ಷಣ ತಿಳಿಸುವ "ವಿಸಿಬಿಲಿಟಿ ಚೇಂಜ್" ಎಂಬ ಘಟನೆಯನ್ನೂ ಆಲಿಸಿ. ಆಗ ಸಮಯ ನೋಡಿ, ಮುಗಿದಿದ್ದರೆ ಹೊಸದು ತನ್ನಿ. ಎಂಬೆಡ್ ಟೋಕನ್ ಅದನ್ನು ಹುಟ್ಟಿಸಿದ ಆ್ಯಕ್ಸೆಸ್ ಟೋಕನ್ನಿಗಿಂತ ಹೆಚ್ಚು ಬದುಕುವುದಿಲ್ಲ ಎಂಬುದೂ ನೆನಪಿರಲಿ. ಸರ್ವರ್ ನೆನಪಿಟ್ಟುಕೊಂಡ ಆ್ಯಕ್ಸೆಸ್ ಟೋಕನ್ನಿಗೆ ಹತ್ತೇ ನಿಮಿಷ ಬಾಕಿ ಇದ್ದರೆ, ಅದರಿಂದ ಬಂದ ಚೀಟಿಗೂ ಹತ್ತೇ ನಿಮಿಷ.

ಕೆಲಸ ಮಾಡದಿದ್ದರೆ

ಕೋಡಿನಲ್ಲಿ ತಪ್ಪು ಹುಡುಕುವ ಮೊದಲು ಯಾವ ಗೇಟಿನಲ್ಲಿ ನಿಂತಿದ್ದೀರಿ ಎಂದು ನೋಡಿ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ತೊಂದರೆ ಗೇಟಿನದೇ.

ಆ್ಯಕ್ಸೆಸ್ ಟೋಕನ್ನೇ ಬರಲಿಲ್ಲವೆಂದರೆ ಅದು ಎಂಟ್ರಾ. ಎಎಡಿಎಸ್‌ಟಿಎಸ್ 700016 ಎಂದರೆ ಆ ಟೆನೆಂಟಿನಲ್ಲಿ ಆ ಆ್ಯಪೇ ಇಲ್ಲ, ಐಡಿಗಳು ಅದಲುಬದಲಾಗಿವೆ. 7000215 ಎಂದರೆ ಸೀಕ್ರೆಟ್ ತಪ್ಪು. 7000222 ಎಂದರೆ ಸೀಕ್ರೆಟ್‌ನ ಅವಧಿ ಮುಗಿದಿದೆ. ಟೋಕನ್ ಬಂತು, ಆದರೆ ಎಪಿಐ 401 (ಅನುಮತಿಯಿಲ್ಲ) ಎನ್ನುತ್ತಿದೆ ಎಂದರೆ ಮೊದಲು ಟೆನೆಂಟ್ ಸೆಟ್ಟಿಂಗ್ ಮತ್ತು ಗುಂಪಿನ ಮೇಲೆ ಅನುಮಾನ ಪಡಿ, ಆಮೇಲೆ ಸ್ಕೋಪ್ ಮೇಲೆ. ಟೋಕನ್ನನ್ನು ಬಿಡಿಸಿ ನೋಡಿದರೆ ಅದು ಯಾರಿಗಾಗಿ ಎಂಬ ಜಾಗದಲ್ಲಿ ಪವರ್ ಬಿಐನ ವಿಳಾಸ ಇರಬೇಕು. ಮೈಕ್ರೋಸಾಫ್ಟಿನ ಇನ್ನೊಂದು ಎಪಿಐ ಆದ ಗ್ರಾಫ್‌ನ ವಿಳಾಸ ಇದ್ದರೆ ನೀವು ಬೇರೆ ಮನೆಯ ಬೀಗದ ಕೈ ಹಿಡಿದು ನಿಂತಿದ್ದೀರಿ. ಬಿಡಿಸುವುದಕ್ಕೆ ನಿಮ್ಮ ಕಂಪ್ಯೂಟರಿನ ಒಳಗಿನ ಸಾಧನವನ್ನೇ ಬಳಸಿ, ಕಂಡಕಂಡ ಸೈಟಿಗೆ ಜೀವಂತ ಟೋಕನ್ ಅಂಟಿಸಬೇಡಿ. ಉಳಿದದ್ದೆಲ್ಲ ಸರಿ ಇದ್ದು ರಿಪೋರ್ಟ್ ಮಾತ್ರ ಸಿಗುತ್ತಿಲ್ಲ ಎಂದರೆ ವರ್ಕ್‌ಸ್ಪೇಸಿಗೆ ಆ್ಯಪನ್ನು ಸೇರಿಸಲು ಮರೆತಿದ್ದೀರಿ, ಇಲ್ಲವೇ ವರದಿಯನ್ನು ಯಾರೋ ಬೇರೆ ವರ್ಕ್‌ಸ್ಪೇಸಿಗೆ ಪ್ರಕಟಿಸಿದ್ದಾರೆ.

ಒಂದು ಮಾತು ಅಭ್ಯಾಸಕ್ಕೆ ಬರಬೇಕು. ಸರ್ವಿಸ್ ಪ್ರಿನ್ಸಿಪಲ್ ಆಗಿ ಪವರ್ ಬಿಐ ಪೋರ್ಟಲಿಗೆ ಲಾಗಿನ್ ಆಗಿ ನೋಡಿಕೊಂಡು ಬರುತ್ತೇನೆ ಎನ್ನುವಂತಿಲ್ಲ. ಅದಕ್ಕೆ ಕಣ್ಣಿಲ್ಲ, ಎಪಿಐ ಮಾತ್ರ ಇದೆ. ಆದ್ದರಿಂದ ಪ್ರತಿ ಕರೆಯ ಉತ್ತರವನ್ನೂ ಲಾಗ್‌ನಲ್ಲಿ ಬರೆಯಿಸಿ, ಟೋಕನ್ ಮತ್ತು ಸೀಕ್ರೆಟ್ ಬಿಟ್ಟು.

ಸೀಕ್ರೆಟ್ ಮುಗಿಯುವ ದಿನ

ಪಾಸ್‌ವರ್ಡ್ ಬದಲಾಗಿ ನಿಲ್ಲುವ ಕಾಟ ತಪ್ಪಿತು ಎಂದು ನಿಶ್ಚಿಂತರಾಗಬೇಡಿ. ಸೀಕ್ರೆಟ್‌ಗೂ ಸಾಯುವ ದಿನಾಂಕವಿದೆ. ಎರಡು ವರ್ಷದ ಹಿಂದೆ ಮಾಡಿದ್ದು ಯಾರಿಗೆ ನೆನಪಿರುತ್ತದೆ?

ಒಂದು ಆ್ಯಪಿಗೆ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸೀಕ್ರೆಟ್ ಇರಬಹುದು, ನಿಮಗೆ ಅನುಕೂಲವಾಗಿರುವುದು ಇದೇ. ಹಳೆಯದು ಮುಗಿಯುವ ಒಂದು ತಿಂಗಳು ಮೊದಲು ಹೊಸದೊಂದನ್ನು ಸೇರಿಸಿ, ಸರ್ವರಿನಲ್ಲಿ ಬದಲಿಸಿ, ಎರಡು ದಿನ ಲಾಗ್ ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಆ್ಯಪ್ ಒಂದು ನಿಮಿಷವೂ ನಿಲ್ಲುವುದಿಲ್ಲ. ಸುಗ್ಗಿಯ ಮಧ್ಯೆ ಬರುವ ದಿನಾಂಕ ಇಟ್ಟುಕೊಳ್ಳಬೇಡಿ. ನಾವು ಈಗ 24 ತಿಂಗಳ ಬದಲು ಹನ್ನೆರಡು ತಿಂಗಳಿಟ್ಟು, ಮಂಡಿ ತಣ್ಣಗಿರುವ ಜೂನ್ ತಿಂಗಳಿಗೆ ಬೀಳುವಂತೆ ಮಾಡಿಕೊಂಡಿದ್ದೇವೆ.

ದಿನಾಂಕವನ್ನು ಇಬ್ಬರ ಫೋನಿನಲ್ಲಿ ನೆನಪೋಲೆಯಾಗಿ ಹಾಕಿದ್ದೇನೆ. ಕಾರ್ಯದರ್ಶಿಗಳಿಗೆ ಮಾತ್ರ ಅದರ ಮೇಲೆ ನಂಬಿಕೆಯಿಲ್ಲ. ಸಂಘದ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಕೊನೆಯ ವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಆ್ಯಪಿನ ಗುಟ್ಟು ಬದಲಿಸುವುದು" ಎಂದು ಬರೆದಿದ್ದಾರೆ. ಅದರ ಕೆಳಗೇ "ಮೈಲುತುತ್ತ ತರುವುದು" ಎಂದಿದೆ.